ಕಲಿಸುವವರಿಗೆ ಕಲಿಸುವ ಕೆಲಸ: ಆರೋಗ್ಯ ಸಿಬ್ಬಂದಿಯ ಶಿಕ್ಷಕರನ್ನು ಸಿದ್ಧಗೊಳಿಸುವ ಬಗ್ಗೆ

(ಸಿಂಗಟಾಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವೈದ್ಯಕೀಯ ಶಿಕ್ಷಣದ ಬಗ್ಗೆ ಮಾತು ನಡೆಯುವುದು ಸಾಮಾನ್ಯವಾಗಿ ಬೆಂಗಳೂರಿನ ಸಭಾಂಗಣಗಳಲ್ಲಿ. ಅದನ್ನು ತುಂಗಭದ್ರೆಯ ದಂಡೆಯ ಈ ವೀರಭದ್ರೇಶ್ವರನ ಊರಿಗೆ ತಂದದ್ದಕ್ಕೆ ದತ್ತಿ ದಾನಿಗಳಿಗೆ ಮೊದಲು ನನ್ನ ನಮಸ್ಕಾರ. ಈ ವಿಷಯಕ್ಕೆ ಇದಕ್ಕಿಂತ ತಕ್ಕ ಜಾಗ ಇಲ್ಲ. ಇಲ್ಲಿ ಹೆಣ್ಣುಮಗಳೊಬ್ಬಳಿಗೆ ರಾತ್ರಿ ಬ್ಯಾನಿ ಶುರುವಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿಂದ ಮುಂಡರಗಿ ತಾಲೂಕು ಆಸ್ಪತ್ರೆ, ಅಲ್ಲೂ ಆಗದಿದ್ದರೆ ಗದಗ. ಈ ದಾರಿಯುದ್ದಕ್ಕೂ ಆಕೆಯ ಜೀವ ಎದುರಿಗೆ ಸಿಕ್ಕ ನರ್ಸಬಾಯಿಗೆ, ಡಾಕ್ಟರಿಗೆ ಏನು ಬರುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಅವರಿಗೆ ಏನು ಬರುತ್ತದೆ ಎಂಬುದು ಅವರಿಗೆ ಯಾರು, ಹೇಗೆ ಕಲಿಸಿದರು ಎಂಬುದರ ಮೇಲೆ ನಿಂತಿರುತ್ತದೆ.

ಇದೇ ಹೊಳೆಯ ಆಚೆ ದಂಡೆ ಹೂವಿನಹಡಗಲಿ ತಾಲೂಕು. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೂ ಅದು ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆರೋಗ್ಯ ಸಿಬ್ಬಂದಿಗೆ ಕಲಿಸುವ ವಿಷಯದಲ್ಲಿ ದೇಶವೇ ಗಮನಿಸಿದ ಎರಡು ದೊಡ್ಡ ಪ್ರಯತ್ನಗಳು ಆ ಬಳ್ಳಾರಿ ಜಿಲ್ಲೆಯಲ್ಲಿ ನಡೆದವು. ನಾನು ಹೇಳಬೇಕಾದ್ದರ ಬಹುಪಾಲು ಆ ಆಚೆ ದಂಡೆಯ ಅನುಭವದಿಂದಲೇ ಬಂದದ್ದು.

ನನ್ನ ಮಾತಿನ ತಿರುಳನ್ನು ಮೊದಲೇ ಇಟ್ಟುಬಿಡುತ್ತೇನೆ. ಕಲಿಸುವುದು ಒಂದು ಪ್ರತ್ಯೇಕ ಕಸುಬು. ವೈದ್ಯಕೀಯ ಬಂದವರಿಗೆಲ್ಲ ಅದು ತಾನಾಗಿ ಬರುವುದಿಲ್ಲ, ಕಲಿತರೆ ಬರುತ್ತದೆ. ಹಾಗೆ ಕಲಿತವರು ರೋಗಿ ಇರುವಲ್ಲಿ, ಹೆರಿಗೆ ಆಗುವಲ್ಲಿ ನಿಂತು ಕಲಿಸಬೇಕು. ಅದಕ್ಕೆ ಅವರಿಗೆ ಸಮಯ ಕೊಡಬೇಕು, ಹುದ್ದೆ ಕೊಡಬೇಕು, ಮಾನ ಕೊಡಬೇಕು.

1. ಬಲ್ಲವರೆಲ್ಲ ಕಲಿಸಬಲ್ಲರೇ?

ಒಂದನೇ ಇಯತ್ತೆಯ ಮಕ್ಕಳಿಗೆ ಅ, ಆ ಕಲಿಸುವವರು ಡಿ.ಎಡ್. ಮಾಡಿರಬೇಕು. ಹೈಸ್ಕೂಲಿಗೆ ಬಿ.ಎಡ್. ಬೇಕು. ವೈದ್ಯಕೀಯ ಕಾಲೇಜಿನಲ್ಲಿ ಮಾತ್ರ ಬಹುಕಾಲ ಎಂ.ಡಿ. ಅಥವಾ ಎಂ.ಎಸ್. ಪದವಿಯೊಂದೇ ಕಲಿಸುವ ಅರ್ಹತೆಯಾಗಿತ್ತು. ಚೆನ್ನಾಗಿ ಶಸ್ತ್ರಚಿಕಿತ್ಸೆ ಮಾಡುವವರು ಚೆನ್ನಾಗಿಯೇ ಕಲಿಸುತ್ತಾರೆ ಎಂದು ಎಲ್ಲರೂ ನಂಬಿದ್ದರು. ನರ್ಸಿಂಗ್ ಕಾಲೇಜುಗಳು ಹೆಚ್ಚಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ನಿನ್ನೆ ಮೊನ್ನೆ ಪಾಸಾದ ಹುಡುಗಿ ಇಂದು ಟ್ಯೂಟರ್ ಆಗಿ ನಿಲ್ಲುವುದನ್ನು ನಾವೆಲ್ಲ ನೋಡಿದ್ದೇವೆ. ಆಕೆಗೆ ವಿಷಯ ಗೊತ್ತಿರಬಹುದು. ಆದರೆ ಇಂಜೆಕ್ಷನ್ ಹಿಡಿದ ಹೊಸಬಳ ಕೈ ನಡುಗುವಾಗ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಆಕೆಗೆ ಯಾರೂ ಕಲಿಸಿರುವುದಿಲ್ಲ.

ಬಲ್ಲವರೆಲ್ಲ ಕಲಿಸಬಲ್ಲರು ಎಂಬ ಈ ನಂಬಿಕೆಯನ್ನು ಮೊದಲು ಗಟ್ಟಿಯಾಗಿ ಪ್ರಶ್ನಿಸಿದವರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಮಿಲ್ಲರ್ ಪ್ರಮುಖರು. 1950ರ ದಶಕದಲ್ಲಿ ಬಫಲೊ ವಿಶ್ವವಿದ್ಯಾಲಯದಲ್ಲಿ ಅವರು ವೈದ್ಯಕೀಯ ಅಧ್ಯಾಪಕರನ್ನೂ ಶಿಕ್ಷಣಶಾಸ್ತ್ರದ ಅಧ್ಯಾಪಕರನ್ನೂ ಒಂದೇ ಮೇಜಿನ ಸುತ್ತ ಕೂರಿಸಿದರು. 1990ರಲ್ಲಿ ಅವರು ಹೇಳಿದ ನಾಲ್ಕು ಮೆಟ್ಟಿಲುಗಳು ಇಂದಿಗೂ ನಮಗೆ ಅಳತೆಗೋಲು: ವಿಷಯ ಗೊತ್ತಿರುವುದು, ಹೇಗೆ ಮಾಡಬೇಕೆಂದು ಗೊತ್ತಿರುವುದು, ಮಾಡಿ ತೋರಿಸುವುದು, ದಿನದ ಕೆಲಸದಲ್ಲಿ ನಿಜವಾಗಿ ಮಾಡುವುದು. ನಮ್ಮ ಹೆಚ್ಚಿನ ಪರೀಕ್ಷೆಗಳು ಮೊದಲ ಮೆಟ್ಟಿಲಿನಲ್ಲಿ ನಿಲ್ಲುತ್ತವೆ. ಹೆರಿಗೆಗೆ ಬಂದ ತಾಯಿಗೆ ಬೇಕಾದದ್ದು ನಾಲ್ಕನೆಯದು.

ಭಾರತದಲ್ಲಿ 1970ರ ದಶಕದಲ್ಲಿ ಪುದುಚೇರಿಯ ಜಿಪ್ಮರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಷ್ಟ್ರೀಯ ಶಿಕ್ಷಕರ ತರಬೇತಿ ಕೇಂದ್ರ ಆರಂಭವಾಯಿತು. ಮುಂದೆ ಭಾರತೀಯ ವೈದ್ಯಕೀಯ ಮಂಡಳಿಯು ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕಗಳನ್ನು ತೆರೆಯಲು ಹೇಳಿತು. ಅಧ್ಯಾಪಕರ ತರಬೇತಿಗೆ ಗುರುತಿಸಿದ ಪ್ರಾದೇಶಿಕ ಕೇಂದ್ರಗಳಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಒಂದು. 2020ರಲ್ಲಿ ಆ ಮಂಡಳಿಯ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಬೋಧನಾ ವಿಧಾನದ ಮೂಲ ತರಬೇತಿ ಮುಗಿಸದೆ ಈಗ ಅಧ್ಯಾಪಕರಿಗೆ ಬಡ್ತಿ ಇಲ್ಲ. ಇದು ಒಳ್ಳೆಯ ಹೆಜ್ಜೆ. ಆದರೆ ಈ ನಿಯಮ ಕಾಲೇಜಿನ ಕಾಂಪೌಂಡಿನ ಒಳಗೇ ಉಳಿದಿದೆ. ಆರೋಗ್ಯದ ಪಾಠ ನಡೆಯುವುದು ಹೆಚ್ಚಾಗಿ ಕಾಂಪೌಂಡಿನ ಹೊರಗೆ.

ಹೊರಗಿನ ಈ ಸರಪಳಿಯನ್ನು ನೋಡಿ. ತಜ್ಞರು ತಾಲೂಕಿನ ವೈದ್ಯಾಧಿಕಾರಿಗೆ ಹೇಳುತ್ತಾರೆ. ವೈದ್ಯಾಧಿಕಾರಿ ಶುಶ್ರೂಷಾಧಿಕಾರಿಗೆ, ಅವರು ನಾವು ಎ.ಎನ್.ಎಂ. ಎನ್ನುತ್ತಿದ್ದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ, ಅವರು ಆಶಾ ಅಕ್ಕನಿಗೆ, ಆಶಾ ಅಕ್ಕ ಬಾಣಂತಿಗೂ ಆಕೆಯ ಅತ್ತೆಗೂ ಹೇಳುತ್ತಾರೆ. ಇವರಲ್ಲಿ ಪ್ರತಿಯೊಬ್ಬರೂ ಶಿಕ್ಷಕರೇ. ಹೇಗೆ ಕಲಿಸಬೇಕೆಂದು ಕಲಿತವರು ಮೊದಲ ಒಬ್ಬರು, ಹೆಚ್ಚೆಂದರೆ ಇಬ್ಬರು. ಬೆಂಗಳೂರಿನಲ್ಲಿ ಸ್ಪಷ್ಟವಾಗಿದ್ದ ಮಾತು ಹಮ್ಮಿಗಿಗೆ, ಕೊರ್ಲಹಳ್ಳಿಗೆ ಬಂದು ಮುಟ್ಟುವಾಗ ಅರ್ಧವಾಗಿರುವುದಕ್ಕೆ ಕಾರಣ ಇಷ್ಟೇ. ತಪ್ಪು ಕೊನೆಯ ಕೊಂಡಿಯದಲ್ಲ.

2. ಬಳ್ಳಾರಿಯ ಮೊದಲ ಪಾಠ: ಏನನ್ನು ಕಲಿಸಬೇಕು

ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದ ನಡುವಿನಲ್ಲಿ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಘಟಕವನ್ನು ತೆರೆಯಿತು. ಮನೋವೈದ್ಯರು ಬೆರಳೆಣಿಕೆಯಷ್ಟೇ ಇದ್ದ ದೇಶ ಇದು. ಹಾಗಿದ್ದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಆರೋಗ್ಯ ಸಹಾಯಕರಿಗೂ ಮನಸ್ಸಿನ ಕಾಯಿಲೆಗಳನ್ನು ಗುರುತಿಸಲು, ಚಿಕಿತ್ಸೆ ಕೊಡಲು ಕಲಿಸಬಹುದೇ ಎಂಬುದು ಆ ಘಟಕದ ಮುಂದಿದ್ದ ಪ್ರಶ್ನೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ 1990ರವರೆಗೆ ಇಡೀ ಬಳ್ಳಾರಿ ಜಿಲ್ಲೆಯಲ್ಲಿ, ಸುಮಾರು 20 ಲಕ್ಷ ಜನರ ನಡುವೆ, ಅದನ್ನು ಮಾಡಿ ನೋಡಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು.

ಕಲಿಸುವವರು ಅಲ್ಲಿಂದ ಕಲಿಯಬೇಕಾದ ದೊಡ್ಡ ಸಂಗತಿ ಆಯ್ಕೆ. ಮನೋವೈದ್ಯಶಾಸ್ತ್ರದ ಪುಸ್ತಕ ಸಾವಿರ ಪುಟದ್ದು. ನಿಮ್ಹಾನ್ಸ್‌ನವರು ಅದನ್ನು ಕುಗ್ಗಿಸಿ ಹೇಳಲು ಹೋಗಲಿಲ್ಲ. ಹಳ್ಳಿಯಲ್ಲಿ ಹೆಚ್ಚು ಕಾಣುವ, ಹೆಚ್ಚು ಕಷ್ಟ ಕೊಡುವ, ಅಲ್ಲೇ ಚಿಕಿತ್ಸೆ ಕೊಡಬಹುದಾದ ಕೆಲವೇ ಸ್ಥಿತಿಗಳನ್ನು ಆರಿಸಿದರು: ತೀವ್ರ ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯತೆ. ಬೆರಳೆಣಿಕೆಯ ಔಷಧಿಗಳನ್ನು ಗೊತ್ತುಮಾಡಿದರು. ವೈದ್ಯರಿಗೆ ಒಂದು ಕೈಪಿಡಿ, ಆರೋಗ್ಯ ಕಾರ್ಯಕರ್ತರಿಗೆ ಇನ್ನೊಂದು. ಕಾರ್ಯಕರ್ತೆಯ ಕೆಲಸ ಗುರುತಿಸುವುದು, ವೈದ್ಯರ ಬಳಿ ಕಳಿಸುವುದು, ಗುಳಿಗೆ ಬಿಡದಂತೆ ನೋಡಿಕೊಳ್ಳುವುದು, ಮನೆಯವರಿಗೆ ಧೈರ್ಯ ಹೇಳುವುದು. ಅಷ್ಟನ್ನೇ ಕಲಿಸಿದರು, ಅದನ್ನು ಪೂರ್ತಿ ಕಲಿಸಿದರು.

ಕಲಿಸುವವರಿಗೆ ಇದು ಬಹಳ ಕಷ್ಟದ ಕೆಲಸ. ನಮಗೆ ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕೆಂಬ ಆಸೆ ಇರುತ್ತದೆ. ಆಶಾ ತರಬೇತಿಗೆ ಬಂದ ತಜ್ಞರು ರಕ್ತಹೀನತೆಯ ಹನ್ನೆರಡು ವಿಧಗಳನ್ನು ಪರದೆಯ ಮೇಲೆ ತೋರಿಸುತ್ತಾರೆ. ಕಬ್ಬಿಣದ ಗುಳಿಗೆ ತಿಂದರೆ ಮಲ ಕಪ್ಪಗಾಗುತ್ತದೆ, ಹೆದರಬೇಡಿ ಎಂಬ ಒಂದು ಮಾತನ್ನು ಹೇಳುವುದಿಲ್ಲ. ಬಸುರಿ ಹೆಣ್ಣುಮಗಳು ಗುಳಿಗೆ ಬಿಡುವುದು ಆ ಒಂದು ಮಾತು ತಿಳಿಯದೆ. ಒಳ್ಳೆಯ ಶಿಕ್ಷಕ ಮೊದಲು ಕೇಳಿಕೊಳ್ಳುವ ಪ್ರಶ್ನೆ: ನಾಳೆ ಮುಂಜಾನೆ ಈಕೆ ಮಾಡಬೇಕಾದ ಕೆಲಸ ಯಾವುದು?

ಆ ಕಾಲದ ನಿಮ್ಹಾನ್ಸ್ ವೈದ್ಯರಲ್ಲಿ ಡಾ. ಸಿ.ಆರ್. ಚಂದ್ರಶೇಖರ್ ಅವರು ಕನ್ನಡದ ಓದುಗರಿಗೆಲ್ಲ ಪರಿಚಿತರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರಿಗಿಂತ ಮೊದಲು ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ ಕರ್ನಾಟಕದ ಎಷ್ಟೋ ಮನೆಗಳ ಹೊಸ ತಾಯಂದಿರಿಗೆ ಪಾಠ ಹೇಳಿತು. ವೈದ್ಯರು ತಮ್ಮ ವಿದ್ಯೆಯನ್ನು ಜನರ ಮಾತಿನಲ್ಲಿ ಹೇಳುವ ಈ ಕನ್ನಡ ಪರಂಪರೆಯನ್ನು ನಮ್ಮ ತರಬೇತಿಗಳು ಬಳಸಿಕೊಂಡೇ ಇಲ್ಲ ಎಂಬುದು ನನ್ನ ಕೊರಗು.

3. ಬಳ್ಳಾರಿಯ ಎರಡನೆಯ ಪಾಠ: ಎಲ್ಲಿ ನಿಂತು ಕಲಿಸಬೇಕು

ಎರಡನೆಯ ಪ್ರಯತ್ನ ಇನ್ನೂ ಹತ್ತಿರದ ಕಾಲದ್ದು. ಕರ್ನಾಟಕ ಸರ್ಕಾರದ ಜೊತೆ ಸೇರಿ ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ ‘ಸುಕ್ಷೇಮ’ ಎಂಬ ಯೋಜನೆ ನಡೆಸಿತು. ಬಳ್ಳಾರಿ, ಕೊಪ್ಪಳ, ಬಾಗಲಕೋಟೆ ಅದರಲ್ಲಿದ್ದವು, ಗದಗ ಇರಲಿಲ್ಲ. ಅಷ್ಟು ಹೊತ್ತಿಗೆ ಹೆಚ್ಚಿನ ಹೆರಿಗೆಗಳು ಮನೆಯಿಂದ ಆಸ್ಪತ್ರೆಗೆ ಬರತೊಡಗಿದ್ದವು. ಆದರೆ ಆಸ್ಪತ್ರೆಗೆ ಬಂದ ಮಾತ್ರಕ್ಕೆ ತಾಯಿ, ಕೂಸು ಉಳಿಯುವುದಿಲ್ಲ. ಅಲ್ಲಿರುವ ನರ್ಸಿಗೆ ಕೆಲಸ ಬರಬೇಕು. ಆಕೆಯನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿ ಮೂರು ವಾರ ತರಬೇತಿ ಕೊಟ್ಟರೆ, ವಾಪಸು ಬಂದ ಮೇಲೆ ಆಕೆ ಒಂಟಿ. ಆಕೆಯ ಕೇಂದ್ರದಲ್ಲಿ ಹೆರಿಗೆಗೆ ರಾತ್ರಿ ಆಕೆಯೊಬ್ಬಳೇ.

ಆದ್ದರಿಂದ ಯೋಜನೆಯವರು ನರ್ಸುಗಳಲ್ಲೇ ಕೆಲವರನ್ನು ಆರಿಸಿ ಮೆಂಟರ್‌ಗಳಾಗಿ ತಯಾರು ಮಾಡಿದರು. ಸೇಂಟ್ ಜಾನ್ಸ್ ಸಂಸ್ಥೆಯ ನೆರವಿನಿಂದ ಅವರಿಗೆ ಹೆರಿಗೆಯ ಕೌಶಲದ ಜೊತೆಗೆ ಕಲಿಸುವ ಕೌಶಲವನ್ನೂ ಕಲಿಸಿದರು. ಪ್ರತಿ ಮೆಂಟರ್‌ಗೆ ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳು. ಆಕೆ ಸರದಿಯ ಮೇಲೆ ಅಲ್ಲಿಗೆ ಹೋಗಿ ದಿನಗಟ್ಟಲೆ ಇದ್ದು ಅಲ್ಲಿನ ನರ್ಸುಗಳ ಜೊತೆ ಕೆಲಸ ಮಾಡಬೇಕು. ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 108 ಕೇಂದ್ರಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಅರ್ಧಕ್ಕೆ ಮೆಂಟರ್ ಕೊಟ್ಟು, ಅರ್ಧಕ್ಕೆ ಕೊಡದೆ ಹೋಲಿಸಿ ನೋಡಿದರು. ಮೆಂಟರ್ ಹೋದ ಕೇಂದ್ರಗಳು ಸಲಕರಣೆ ಮತ್ತು ಔಷಧಿಗಳ ಸಿದ್ಧತೆಯಲ್ಲೂ ಸಿಬ್ಬಂದಿಯ ತಿಳಿವಳಿಕೆಯಲ್ಲೂ ಮುಂದೆ ಬಂದವು. ಈ ಫಲಿತಾಂಶ 2016ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಂಥ ಮೆಂಟರ್ ಒಬ್ಬಳ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಆಕೆ ವೈದ್ಯಾಧಿಕಾರಿಯ ಕೋಣೆಯಲ್ಲಿ ಕೂರುವುದಿಲ್ಲ. ನೇರ ಹೆರಿಗೆ ಕೋಣೆಗೆ ಹೋಗಿ, ರಾತ್ರಿ ಪಾಳಿ ಮುಗಿಸಿದ ನರ್ಸಿನ ಪಕ್ಕದಲ್ಲಿ ಸ್ಟೂಲ್ ಎಳೆದುಕೊಳ್ಳುತ್ತಾಳೆ. ‘ಅಕ್ಕಾರ, ನಿನ್ನಿ ರಾತ್ರಿ ಹೆರಿಗಿ ಆತಲ್ಲ, ಆ ಕೇಸ್ ಶೀಟ್ ನೋಡೂಣೇನ್ರಿ?’ ಇಬ್ಬರೂ ಸೇರಿ ನೋಡುತ್ತಾರೆ. ಕೂಸು ಹುಟ್ಟಿದ ಸಮಯ ಇದೆ, ತೂಕ ಇದೆ. ಬಿ.ಪಿ. ಕಾಲಂ ಖಾಲಿ. ‘ಬಿ.ಪಿ. ಬರ್ದಿಲ್ಲಲ್ರಿ ಇಲ್ಲೆ?’ ‘ಮಷೀನ್ ಕೆಟ್ಟೈತ್ರಿ. ಹೋದ ತಿಂಗಳಿಂದನ ಕೆಟ್ಟೈತಿ.’

ಇಲ್ಲಿ ಒಂದು ಕ್ಷಣ ನಿಲ್ಲೋಣ. ತಾಲೂಕಿನ ಸಭೆಯಲ್ಲಿ ಇದೇ ಖಾಲಿ ಕಾಲಂ ಕಂಡರೆ ಮೇಲಿನವರು ನರ್ಸಿಗೆ ಏನೂ ಗೊತ್ತಿಲ್ಲ ಎಂದು ಗದರಿ ಇನ್ನೊಂದು ತರಬೇತಿಗೆ ಹಾಕುತ್ತಾರೆ. ಆಕೆಗೆ ಗೊತ್ತಿದೆ; ಮಷೀನ್ ಇಲ್ಲ. ಪಕ್ಕದಲ್ಲಿ ಕೂತು ಕೇಳಿದವಳಿಗೆ ಮಾತ್ರ ಇದು ತಿಳಿಯಿತು. ಆಕೆ ವೈದ್ಯಾಧಿಕಾರಿಗೆ ಹೇಳಿ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಮಷೀನ್ ತರಿಸುತ್ತಾಳೆ. ಆಮೇಲೆ ಫ್ರಿಜ್ ತೆರೆದು ಆಕ್ಸಿಟೋಸಿನ್ ಅಲ್ಲೇ ಇದೆಯೇ, ಹೊರಗೆ ಟ್ರೇನಲ್ಲಿ ಬಿಸಿಗೆ ಬಿದ್ದಿದೆಯೇ ಎಂದು ನೋಡುತ್ತಾಳೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಕೊಡಬೇಕು. ರಕ್ತಸ್ರಾವ ತಡೆಯುವ ಮೊದಲ ಕೆಲಸ ಅದು. ‘ಸಿರಿಂಜಿಗೆ ಯಾವಾಗ ತುಂಬಿ ಇಡ್ತೀರಿ?’ ಎಂದು ಕೇಳುತ್ತಾಳೆ. ‘ಕೂಸು ಹುಟ್ಟಿದ ಮ್ಯಾಲ ತುಂಬ್ತೀನ್ರಿ.’ ‘ಒಬ್ಬರ ಇದ್ದಾಗ ಆಗ ಕೈ ಖಾಲಿ ಇರ್ತಾವೇನ್ರಿ?’ ನರ್ಸ್ ತಾನೇ ಯೋಚಿಸಿ, ಕೂಸಿನ ತಲೆ ಕಾಣುವಾಗಲೇ ಔಷಧಿ ಸಿದ್ಧವಾಗಿರಬೇಕು ಎಂಬಲ್ಲಿಗೆ ಬರುತ್ತಾಳೆ. ಹಾಗೆ ತಾನೇ ಕಂಡುಕೊಂಡದ್ದನ್ನು ಆಕೆ ಮರೆಯುವುದಿಲ್ಲ.

ಈ ಹತ್ತು ನಿಮಿಷದಲ್ಲಿ ಮೆಂಟರ್ ಒಮ್ಮೆಯೂ ಭಾಷಣ ಮಾಡಲಿಲ್ಲ. ಕೇಳಿದಳು, ನೋಡಿದಳು, ಕಾದಳು. ಹೀಗೆ ಕಲಿಸಲು ಆಕೆಗೆ ತರಬೇತಿ ಬೇಕಾಯಿತು. ನಮಗೆ ಸಹಜವಾಗಿ ಬರುವುದು ಗದರುವುದು, ಇಲ್ಲವೆ ಉತ್ತರ ಹೇಳಿಬಿಡುವುದು.

4. ಬೆಳಗಾವಿಯ ಪಾಠ: ಕೈಗೆ ಎಷ್ಟು ದಿನ ನೆನಪಿರುತ್ತದೆ

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹಳ್ಳಿಯ ಸಿಬ್ಬಂದಿಯ ಜೊತೆ ಮಾಡಿದ ಕೆಲಸಗಳೂ ನಮಗೆ ಬೇಕಾದವು. ಮೊದಲನೆಯದು 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಆ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಎ.ಎನ್.ಎಂ.ಗಳಿಗೆ, ಹೆರಿಗೆಯಾದ ಕೂಡಲೇ ತಾಯಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಗುಳಿಗೆ ಕೊಡುವುದನ್ನೂ ರಕ್ತವನ್ನು ಅಳೆಯುವುದನ್ನೂ ಕಲಿಸಿದ್ದರು. 1620 ತಾಯಂದಿರ ಆ ಅಧ್ಯಯನದಲ್ಲಿ ಹೆರಿಗೆ ನಂತರದ ಅತಿ ರಕ್ತಸ್ರಾವ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಔಷಧಿಯ ಗುಣ ಇದು, ನಿಜ. ಆದರೆ ಔಷಧಿ ತಾನಾಗಿ ತಾಯಿಯ ಬಾಯಿಗೆ ಹೋಗುವುದಿಲ್ಲ. ಸರಿಯಾಗಿ ಕಲಿಸಿದರೆ ಎ.ಎನ್.ಎಂ. ಎಂಥ ಜವಾಬ್ದಾರಿಯನ್ನು ಹೊರಬಲ್ಲಳು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳು.

ಎರಡನೆಯದು ಹುಟ್ಟಿದ ಕೂಡಲೇ ಉಸಿರಾಡದ ಕೂಸುಗಳದ್ದು. 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ತರಬೇತಿ ಜಗತ್ತಿನ ಹಲವು ಕಡೆ ಆರಂಭವಾಯಿತು. ಅದರ ಪಾಠೋಪಕರಣ ಒಂದು ಗೊಂಬೆ. ನೀರು ತುಂಬಿದರೆ ಅದು ಎಳೆಗೂಸಿನಷ್ಟೇ ತೂಗುತ್ತದೆ. ಕೈಯಲ್ಲಿ ಹಿಡಿದರೆ ತಲೆ ಹಿಂದಕ್ಕೆ ವಾಲುತ್ತದೆ. ಮುಖದ ಮೇಲೆ ಮಾಸ್ಕ್ ಸರಿಯಾಗಿ ಕೂತರೆ ಮಾತ್ರ, ಬ್ಯಾಗ್ ಒತ್ತಿದಾಗ ಎದೆ ಏಳುತ್ತದೆ. ಗದ್ದ, ಬಾಯಿ, ಮೂಗು ಮುಚ್ಚಬೇಕು, ಕಣ್ಣು ಮುಚ್ಚಬಾರದು. ಕೂಸನ್ನು ಒರೆಸಿ, ಬೆನ್ನು ತಿಕ್ಕಿ, ಉಸಿರು ಬರದಿದ್ದರೆ ಮೊದಲ ನಿಮಿಷದೊಳಗೇ ಬ್ಯಾಗ್ ಒತ್ತಲು ಶುರುಮಾಡಬೇಕು. ಆ ಒಂದು ನಿಮಿಷವನ್ನು ಅವರು ಬಂಗಾರದ ನಿಮಿಷ ಎನ್ನುತ್ತಾರೆ.

ಬೆಳಗಾವಿಯಲ್ಲಿ 599 ಮಂದಿ ಹೆರಿಗೆ ಸಿಬ್ಬಂದಿ ಈ ತರಬೇತಿ ಪಡೆದರು. ಸತ್ತು ಹುಟ್ಟಿದವೆಂದು ಎಣಿಸುತ್ತಿದ್ದ ಕೂಸುಗಳ ಪ್ರಮಾಣ ಶೇ. 3ರಿಂದ ಶೇ. 2.3ಕ್ಕೆ ಇಳಿಯಿತು ಎಂದು 2013ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಹೆರಿಗೆಯ ಹೊತ್ತಿನಲ್ಲೇ ಜೀವ ಹೋಗಿ ಹುಟ್ಟಿದವೆಂದು ಬರೆದುಕೊಳ್ಳುತ್ತಿದ್ದ ಕೂಸುಗಳಲ್ಲಂತೂ ಶೇ. 1.7 ಇದ್ದದ್ದು ಶೇ. 0.9 ಆಯಿತು. ಮೊದಲು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಇಡುತ್ತಿದ್ದ ಕೂಸುಗಳಲ್ಲಿ ಕೆಲವಕ್ಕೆ ಇನ್ನೂ ಜೀವವಿತ್ತು. ಉಸಿರು ಕೊಡುವ ಕೈ ಇರಲಿಲ್ಲ. ಆದರೆ ಹುಟ್ಟಿದ ನಂತರದ ದಿನಗಳಲ್ಲಿ ಸಾಯುವ ಕೂಸುಗಳ ಪ್ರಮಾಣ ಹೆಚ್ಚುಕಡಿಮೆ ಹಾಗೇ ಉಳಿಯಿತು ಎಂಬುದನ್ನೂ ಅದೇ ವರದಿ ಹೇಳುತ್ತದೆ. ಒಂದು ತರಬೇತಿ ಒಂದು ಕೆಲಸವನ್ನು ಮಾಡುತ್ತದೆ. ಬೆಚ್ಚಗಿಡುವುದು, ಹಾಲುಣಿಸುವುದು, ಸೋಂಕು ತಡೆಯುವುದು ಬೇರೆ ಪಾಠಗಳು.

ಈ ಬಗೆಯ ತರಬೇತಿಗಳೆಲ್ಲ ಹೇಳಿಕೊಟ್ಟ ಇನ್ನೊಂದು ಸತ್ಯವಿದೆ. ಕೈಯ ಕೌಶಲ ಬಳಸದಿದ್ದರೆ ತಿಂಗಳುಗಳಲ್ಲೇ ಸವೆಯುತ್ತದೆ. ತಲೆಗೆ ನೆನಪಿರುತ್ತದೆ, ಕೈಗೆ ಇರುವುದಿಲ್ಲ. ಸಣ್ಣ ಆರೋಗ್ಯ ಕೇಂದ್ರದಲ್ಲಿ ಉಸಿರಾಡದ ಕೂಸು ಹುಟ್ಟುವುದು ಎಂದೋ ಒಮ್ಮೆ. ಆದ್ದರಿಂದ ಗೊಂಬೆಯನ್ನು ತರಬೇತಿ ಕೇಂದ್ರದ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರೆ ಉಪಯೋಗವಿಲ್ಲ. ಅದು ಹೆರಿಗೆ ಕೋಣೆಯಲ್ಲೇ ಇರಬೇಕು. ವಾರಕ್ಕೊಮ್ಮೆ ಹತ್ತು ನಿಮಿಷ ಅದರ ಮೇಲೆ ಕೈ ಆಡಬೇಕು, ಪಕ್ಕದಲ್ಲಿ ಒಬ್ಬರು ನೋಡುತ್ತಿರಬೇಕು.

ಕೈಕೆಲಸ ಕಲಿಸಲು ಒಂದು ಕ್ರಮವಿದೆ. ಶಿಕ್ಷಕರ ತರಬೇತಿಗಳಲ್ಲಿ ಇದನ್ನು ನಾಲ್ಕು ಹಂತವಾಗಿ ಕಲಿಸುತ್ತಾರೆ. ಮೊದಲು ಶಿಕ್ಷಕಿ ಮಾತಾಡದೆ, ನಿಜವಾದ ವೇಗದಲ್ಲಿ ಮಾಡಿ ತೋರಿಸುತ್ತಾಳೆ. ಎರಡನೆಯ ಸಲ ಪ್ರತಿ ಹೆಜ್ಜೆಯನ್ನೂ ಬಿಡಿಸಿ ಹೇಳುತ್ತ ನಿಧಾನವಾಗಿ ಮಾಡುತ್ತಾಳೆ. ಮೂರನೆಯ ಸಲ ಕಲಿಯುವವಳು ಹೇಳುತ್ತಾಳೆ, ಶಿಕ್ಷಕಿ ಅದರಂತೆ ಮಾಡುತ್ತಾಳೆ. ನಾಲ್ಕನೆಯ ಸಲ ಕಲಿಯುವವಳೇ ಹೇಳುತ್ತ ಮಾಡುತ್ತಾಳೆ. ಮೂರನೆಯ ಹಂತವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಕಲಿಯುವವಳ ತಲೆಯಲ್ಲಿ ಎಲ್ಲಿ ತಪ್ಪಿದೆ ಎಂದು, ರೋಗಿಗೆ ಏನೂ ಆಗದಂತೆ, ಕಾಣುವುದು ಆ ಹಂತದಲ್ಲೇ.

5. ಗದಗಿನಲ್ಲಿ ನಮಗಿರುವ ಬಲ

1997ರಲ್ಲಿ ಗದಗ ಜಿಲ್ಲೆಯಾಯಿತು. 2015ರಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಮ್ಮ ಜಿಮ್ಸ್, ಆರಂಭವಾಯಿತು. ಅಲ್ಲಿಯವರೆಗೆ ವೈದ್ಯಕೀಯ ಶಿಕ್ಷಕರು ಎಂದರೆ ಹುಬ್ಬಳ್ಳಿಗೆ ಹೋಗಿ ನೋಡಬೇಕಿತ್ತು. ಈಗ ಮಲ್ಲಸಮುದ್ರದಲ್ಲೇ ಇದ್ದಾರೆ. 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಸಾಮರ್ಥ್ಯ ಆಧಾರಿತವಾಗಿದೆ. ವಿದ್ಯಾರ್ಥಿ ಏನನ್ನು ಓದಿದ ಎನ್ನುವುದಕ್ಕಿಂತ ಏನನ್ನು ಮಾಡಬಲ್ಲ ಎಂಬುದನ್ನು ಅದು ಕೇಳುತ್ತದೆ. ಮೊದಲ ವರ್ಷದಲ್ಲೇ ಸ್ಥಳೀಯ ಭಾಷೆಯ ಕಲಿಕೆ ಇದೆ. ರೋಗಿಯ ಜೊತೆ ಮಾತಾಡುವ ಬಗೆ, ನಡವಳಿಕೆ, ನೀತಿಗಳಿಗೆ ಪ್ರತ್ಯೇಕ ಪಾಠಗಳಿವೆ. ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಮನೆಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಅವರ ಆರೋಗ್ಯವನ್ನು ನೋಡಬೇಕು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ದುಡಿಯಬೇಕು.

ಇವೆಲ್ಲ ಕಾಗದದ ಮೇಲೆ ಒಳ್ಳೆಯವು. ಕಾರ್ಯರೂಪಕ್ಕೆ ಬರುವುದು ಕಲಿಸುವವರಿಂದ. ಹಳ್ಳಿಯ ಮನೆಗೆ ವಿದ್ಯಾರ್ಥಿಯನ್ನು ಕಳಿಸಿ ಫಾರಂ ತುಂಬಿಸಿಕೊಂಡು ಬಂದರೆ ಅದು ಜನಗಣತಿ. ಆ ಮನೆಯ ಆಶಾ ಅಕ್ಕನನ್ನು ‘ಇವರು ಇಲ್ಲಿ ನಿಮ್ಮ ಶಿಕ್ಷಕಿ’ ಎಂದು ಅಧ್ಯಾಪಕರು ಪರಿಚಯ ಮಾಡಿಕೊಟ್ಟರೆ ಅದು ಪಾಠ. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಬಾಣಂತಿಯ ಕೂಸನ್ನು ಮುಟ್ಟಲು ಯಾರನ್ನು ಕೇಳಬೇಕು ಎಂಬುದು ಆಕೆಗೆ ಗೊತ್ತು, ಪ್ರೊಫೆಸರರಿಗೆ ಗೊತ್ತಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಮತ್ತು ರಾಣಿ ಬಂಗ್ ದಂಪತಿ 39 ಹಳ್ಳಿಗಳ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಆ ಹಳ್ಳಿಗಳಲ್ಲಿ ನವಜಾತ ಶಿಶುಮರಣ ಶೇ. 62ರಷ್ಟು ತಗ್ಗಿತು ಎಂದು 1999ರಲ್ಲಿ ವರದಿಯಾಯಿತು. ಇಂದು ನಮ್ಮ ಆಶಾ ಅಕ್ಕಂದಿರು 3, 7, 14, 21, 28, 42ನೇ ದಿನಗಳಲ್ಲಿ ಬಾಣಂತಿಯ ಮನೆಗೆ ಹೋಗುವ ಕ್ರಮಕ್ಕೆ ಆ ಕೆಲಸವೇ ಮೂಲ. ಓದು ಕಡಿಮೆಯಾದವರಿಗೆ ಕಲಿಸಲಾಗದು ಎಂಬ ಮಾತು ಅಲ್ಲಿಗೆ ಮುಗಿಯಿತು. ಕಲಿಸಲು ಬರುವವರು ಬೇಕು, ಅಷ್ಟೇ.

ಕಲಿಸುವುದು ಹೇಗೆ ಎಂಬುದಕ್ಕೆ ಗದಗಿನವರಾದ ನಾವು ದೂರ ಹೋಗಬೇಕಾಗಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಸ್ವರ ತಪ್ಪಿದ ಕ್ಷಣದಲ್ಲೇ ತಿದ್ದಿದರು. ವರ್ಷದ ಕೊನೆಯ ಪರೀಕ್ಷೆಗೆ ಕಾಯಲಿಲ್ಲ. ಸರಿಯಾಗುವವರೆಗೆ ಮತ್ತೆ ಮತ್ತೆ ಹಾಡಿಸಿದರು. ಕಲಿತ ಹುಡುಗ ಎಳೆಯನಿಗೆ ಕಲಿಸುತ್ತ ತಾನೂ ಗಟ್ಟಿಯಾದ. ಅಲ್ಲಿ ತಯಾರಾದವರು ನಾಡಿನ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ ಹರಡಿದರು. ಹತ್ತಿರ ಕೂತು ಕೇಳುವುದು, ಆಗಲೇ ತಿದ್ದುವುದು, ಕಲಿತವನನ್ನು ಕಲಿಸುವವನನ್ನಾಗಿ ಮಾಡುವುದು: ಆರೋಗ್ಯ ಶಿಕ್ಷಣದ ದೊಡ್ಡ ಗ್ರಂಥಗಳು ಹೇಳುವುದೂ ಈ ಮೂರನ್ನೇ.

6. ಕೊನೆಯ ವಿದ್ಯಾರ್ಥಿ

ಈ ಸರಪಳಿಯ ಕೊನೆಯಲ್ಲಿರುವ ವಿದ್ಯಾರ್ಥಿ ರೋಗಿ. ಸಕ್ಕರೆ ಕಾಯಿಲೆ, ಬಿ.ಪಿ. ಇರುವವರಿಗೆ ಅವರ ಚಿಕಿತ್ಸೆಯ ಹೆಚ್ಚಿನ ಪಾಲು ಅವರ ಕೈಯಲ್ಲೇ ಇರುತ್ತದೆ. ವೈದ್ಯರು ಎರಡು ನಿಮಿಷ ಹೇಳಿ, ‘ತಿಳೀತೇನ್ರಿ ಅಜ್ಜಾರ?’ ಎನ್ನುತ್ತಾರೆ. ‘ತಿಳೀತ್ರಿ’ ಎಂದು ಅಜ್ಜ ಎದ್ದು ಹೋಗುತ್ತಾರೆ. ನಮ್ಮ ಭಾಗದಲ್ಲಿ ಡಾಕ್ಟರ್ ಸಾಹೇಬರಿಗೆ ತಿಳಿಯಲಿಲ್ಲ ಎಂದು ಹೇಳುವವರು ಯಾರು? ಆ ‘ತಿಳೀತ್ರಿ’ ಮರ್ಯಾದೆಯ ಮಾತು.

ಅದರ ಬದಲು ಹೀಗೆ ಕೇಳಿ: ‘ಅಜ್ಜಾರ, ಡಾಕ್ಟರ್ ಏನಂದ್ರು ಅಂತ ಮನ್ಯಾಗ ಸೊಸಿ ಕೇಳಿದ್ರ ಏನು ಹೇಳ್ತೀರಿ?’ ಆಗ ಅಜ್ಜ, ‘ಸಕ್ಕರಿ ಹೆಚ್ಚಾದಾಗ ಗುಳಿಗಿ ತಗೋ ಅಂದಾರ ಅಂತ ಹೇಳ್ತೀನ್ರಿ’ ಎನ್ನಬಹುದು. ದಿನಾ ತೆಗೆದುಕೊಳ್ಳಬೇಕಾದ ಗುಳಿಗೆ ಅವರ ಮನಸ್ಸಿನಲ್ಲಿ ಬೇಕಾದಾಗ ತಿನ್ನುವ ಗುಳಿಗೆಯಾಗಿದೆ. ಇದು ಇಲ್ಲೇ ಗೊತ್ತಾಯಿತು. ಆರು ತಿಂಗಳ ನಂತರ ಕಾಲಿನ ಹುಣ್ಣಿನ ರೂಪದಲ್ಲಿ ಗೊತ್ತಾಗಬೇಕಾಗಿಲ್ಲ. ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ನಮ್ಮ ಪ್ರತಿಯೊಬ್ಬ ವೈದ್ಯರಿಗೆ, ನರ್ಸಿಗೆ, ಔಷಧಿ ಕೊಡುವ ಫಾರ್ಮಸಿ ಅಧಿಕಾರಿಗೆ ಕಲಿಸಿದರೆ, ಯಾವ ಹೊಸ ಯಂತ್ರವೂ ಇಲ್ಲದೆ ಈ ತಾಲೂಕಿನ ಆರೋಗ್ಯ ಸುಧಾರಿಸುತ್ತದೆ ಎಂದು ನಾನು ನಂಬುತ್ತೇನೆ.

7. ಮಾಡಬೇಕಾದದ್ದು

ಕೊನೆಗೆ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ಗದಗ ಈ ನಾಲ್ಕು ತಾಲೂಕುಗಳಲ್ಲಿ ಮಾಡಬಹುದಾದ ಕೆಲವು ಕೆಲಸಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿ ತಾಲೂಕಿಗೆ ಕಲಿಸಲು ಕಲಿತ ಶುಶ್ರೂಷಾಧಿಕಾರಿಯೊಬ್ಬರು ಬೇಕು. ವಾರದ ಅರ್ಧ ದಿನಗಳು ಅವರಿಗೆ ವಾರ್ಡ್ ಪಾಳಿ ಇರಬಾರದು. ಅವರು ಆರೋಗ್ಯ ಕೇಂದ್ರಗಳಿಗೆ ಹೋಗಿ ಜೊತೆಯವರಿಗೆ ಕಲಿಸಬೇಕು. ಆ ಕೆಲಸ ಅವರ ಸೇವಾ ಪುಸ್ತಕದಲ್ಲಿ ದಾಖಲಾಗಬೇಕು, ಬಡ್ತಿಯಲ್ಲಿ ಲೆಕ್ಕಕ್ಕೆ ಬರಬೇಕು. ಪಾಳಿ ಮುಗಿಸಿ ದಣಿದವರ ತಲೆಗೆ ಹೆಚ್ಚುವರಿ ಹೊರೆಯಾಗಿ ಕಲಿಸುವ ಕೆಲಸ ಕಟ್ಟಿದರೆ ಅದು ಮೂರು ತಿಂಗಳಿಗೆ ನಿಂತುಹೋಗುತ್ತದೆ.

ಎರಡನೆಯದು, ವೈದ್ಯಕೀಯ ಕಾಲೇಜಿನ ಶಿಕ್ಷಣ ಘಟಕದ ಬಾಗಿಲು ಎಲ್ಲರಿಗೂ ತೆರೆಯಬೇಕು. ಅಧ್ಯಾಪಕರಿಗೆ ಕೊಡುವ ಬೋಧನಾ ತರಬೇತಿಯನ್ನು ಕನ್ನಡದಲ್ಲಿ, ಅವರ ಕೆಲಸಕ್ಕೆ ಹೊಂದಿಸಿ, ನರ್ಸಿಂಗ್ ಟ್ಯೂಟರ್‌ಗಳಿಗೂ ಸಮುದಾಯ ಆರೋಗ್ಯ ಅಧಿಕಾರಿಗಳಿಗೂ ಆಶಾ ಮೇಲ್ವಿಚಾರಕಿಯರಿಗೂ ಕೊಡಬೇಕು.

ಮೂರನೆಯದು, ತರಬೇತಿಯನ್ನು ಹಾಜರಿ ಪುಸ್ತಕದಿಂದ ಅಳೆಯುವುದನ್ನು ನಿಲ್ಲಿಸಬೇಕು. ಎಷ್ಟು ಮಂದಿ ಬಂದರು, ಎಷ್ಟು ಊಟ ಆಯಿತು ಎಂಬ ಲೆಕ್ಕದಿಂದ ಯಾವ ಕೂಸೂ ಉಸಿರಾಡುವುದಿಲ್ಲ. ಮೂರು ತಿಂಗಳ ನಂತರ ಅವರವರ ಜಾಗಕ್ಕೆ ಹೋಗಿ, ಕಲಿಸಿದ್ದನ್ನು ಮಾಡುತ್ತಿದ್ದಾರೆಯೇ ಎಂದು ನೋಡಬೇಕು. ಮಾಡದಿದ್ದರೆ ಮೊದಲ ಪ್ರಶ್ನೆ ಕಲಿಸಿದವರಿಗೆ ಮತ್ತು ಸಲಕರಣೆ ಕೊಡಬೇಕಾದವರಿಗೆ, ಕಲಿತವರಿಗೆ ಆಮೇಲೆ.

ನಾಲ್ಕನೆಯದು, ಗದರಿಕೆ ನಿಲ್ಲಬೇಕು. ಎಲ್ಲರೆದುರು ಬೈಸಿಕೊಂಡ ನರ್ಸ್ ಮುಂದಿನ ಸಲ ಗೊತ್ತಿಲ್ಲದ್ದನ್ನು ಕೇಳುವುದಿಲ್ಲ, ಮುಚ್ಚಿಡುತ್ತಾಳೆ. ಮುಚ್ಚಿಟ್ಟದ್ದಕ್ಕೆ ಬೆಲೆ ತೆರುವವಳು ತಾಯಿ. ಕಲಿಯುವವರಲ್ಲಿ ಭಯ ಹುಟ್ಟಿಸದೆ ತಿದ್ದುವುದು ಒಳ್ಳೆಯತನದ ಮಾತಷ್ಟೇ ಅಲ್ಲ. ಅದು ಜೀವ ಉಳಿಸುವ ಕೌಶಲ.

ಐದನೆಯದನ್ನು ಸರ್ಕಾರಕ್ಕೆ ಹೇಳುತ್ತಿಲ್ಲ, ಈ ಸಭೆಗೆ ಹೇಳುತ್ತಿದ್ದೇನೆ. ನಮ್ಮ ಭಾಗದವರು ಗುಡಿಗೆ, ಮಠಕ್ಕೆ, ಶಾಲೆಗೆ, ಸಾಹಿತ್ಯಕ್ಕೆ ದತ್ತಿ ಇಟ್ಟಿದ್ದಾರೆ. ಅದು ನಮ್ಮ ಹೆಮ್ಮೆ. ಹೆರಿಗೆ ಕೋಣೆಗೆ ಒಂದು ಗೊಂಬೆ, ಒಂದು ಬ್ಯಾಗ್ ಮತ್ತು ಮಾಸ್ಕ್ ಕೊಡಿಸುವುದೂ ದತ್ತಿಯೇ. ಪ್ರತಿ ವರ್ಷ ತಾಲೂಕಿನಲ್ಲಿ ಅತ್ಯುತ್ತಮವಾಗಿ ಕಲಿಸಿದ ನರ್ಸಿಗೆ ಅಥವಾ ಆಶಾ ಅಕ್ಕನಿಗೆ ಊರಿನವರೆಲ್ಲರ ಮುಂದೆ ಶಾಲು ಹೊದಿಸಿ ಬಹುಮಾನ ಕೊಡುವ ದತ್ತಿಯೊಂದನ್ನು ಇಡಿ. ಎಷ್ಟು ಹೆರಿಗೆ ಮಾಡಿಸಿದಳು ಎಂದು ಕೇಳಬೇಡಿ; ಎಷ್ಟು ಜನರಿಗೆ ಸುರಕ್ಷಿತ ಹೆರಿಗೆ ಮಾಡಿಸಲು ಕಲಿಸಿದಳು ಎಂದು ಕೇಳಿ. ಆ ಬಹುಮಾನದ ಆಯ್ಕೆಯಲ್ಲಿ ಆಕೆಯಿಂದ ಕಲಿತ ಕಿರಿಯರ ಮಾತಿಗೇ ಹೆಚ್ಚಿನ ತೂಕ ಇರಲಿ.

ಬಳ್ಳಾರಿಯಲ್ಲಿ ಆದದ್ದು, ಬೆಳಗಾವಿಯಲ್ಲಿ ಆದದ್ದು ಗದಗಿನಲ್ಲಿ ಆಗದು ಎನ್ನಲು ಒಂದು ಕಾರಣವೂ ಇಲ್ಲ. ಕಾಲೇಜು ಇದೆ, ಆಸ್ಪತ್ರೆಗಳಿವೆ, ಕಲಿಯಲು ಮನಸ್ಸಿರುವ ನರ್ಸುಗಳು ಈ ಸಭೆಯಲ್ಲೇ ಕೂತಿದ್ದಾರೆ. ಅವರಲ್ಲಿ ಕೆಲವರನ್ನು ಈ ವರ್ಷವೇ ಆರಿಸಿ ಶಿಕ್ಷಕರನ್ನಾಗಿ ಸಿದ್ಧಗೊಳಿಸುವ ಕೆಲಸ ಶುರುವಾಗಲಿ. ಆ ಕೆಲಸಕ್ಕೆ ನನ್ನನ್ನು ಕರೆದರೆ ನಾನು ಬರುತ್ತೇನೆ.